ಹಸಿರು ಇಂಕಿನ ‘ಗುಡ್’

ಹಸಿರು ಇಂಕಿನ ಪೆನ್ನನ್ನು ನಾನೀಗ ಮುಟ್ಟುವುದಿಲ್ಲ. ಮೇಜಿನ ಖಾನೆಯಲ್ಲಿ ಇನ್ನೂ ಎರಡು ಬಿದ್ದಿವೆ. ಎಸೆಯುವುದಕ್ಕೂ ಮನಸ್ಸಿಲ್ಲ, ಯಾರಾದರೂ ಸಹಿ ಮಾಡಲು ಕೇಳಿದರೆ ಕೊಡುವುದಕ್ಕೂ ಮನಸ್ಸಿಲ್ಲ. ಯಾಕೆ ಅಂತ ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಬರೆಯಲೇ ಅಂತ, ಇದು ಯಾರ ಕಥೆಯೋ ಆ ಹುಡುಗಿಯನ್ನೇ ಕೇಳಿದೆ. "ಬರೀರಿ ಮೇಡಂ. ನನ್ನ ಹೆಸರು ಬೇಡ. ನಿಮ್ಮ ತಪ್ಪು ಮಾತ್ರ ಅರ್ಧಂಬರ್ಧ ಬರೀಬೇಡಿ" ಅಂದಳು.

ನಾಗಸಂದ್ರ ಮೆಟ್ರೋ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಒಂದು ಬೇರಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕೇಂದ್ರವಿದೆ. ಮಾನಸಿಕ ಕಾಯಿಲೆ ಬಂದವರು, ಅವರ ಮನೆಯವರು ಅಲ್ಲಿಗೆ ಬರುತ್ತಾರೆ. ಮುಕ್ಕಾಲು ಪಾಲು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಾರೆ. ಮಿಕ್ಕ ದಿನಗಳಲ್ಲಿ ರೋಗಿಗಳ ಜೊತೆ ಕೂತು ಮಾತಾಡುವುದು, ಮನೆಯವರಿಗೆ ತಿಳಿಹೇಳುವುದು, ಫೈಲು ಬರೆಯುವುದು ಸೋಶಿಯಲ್ ವರ್ಕರ್ ಆದ ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ. ಮಾತ್ರೆ ತಪ್ಪಿಸಿದವರನ್ನು ಬೈಯುತ್ತೇನೆ, ಮಾತ್ರೆ ಬಿಡಿಸಿ ತಾಯಿತ ಕಟ್ಟಿಸಿದ ಮನೆಯವರನ್ನು ಇನ್ನೂ ಜೋರಾಗಿ ಬೈಯುತ್ತೇನೆ. ಬೈಸಿಕೊಂಡವರೂ ಮತ್ತೆ ನನ್ನ ಹತ್ತಿರವೇ ಬರುತ್ತಾರೆ ಅನ್ನುವ ಜಂಭ ನನಗಿತ್ತು. ಆ ಜಂಭವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ಹುಡುಗಿಗೆ ಆಗ ಇಪ್ಪತ್ತಾರು. ಹಾವೇರಿ ಕಡೆಯವಳು. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಅಕ್ಕ, ಭಾವ, ಅಕ್ಕನ ಪುಟ್ಟ ಮಗಳು. ಡಿಪ್ಲೊಮಾ ಓದಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಅಲ್ಲಿ ಪಂಪುಗಳಿಗೆ ಬೇಕಾದ ಹಿತ್ತಾಳೆಯ ಬಿಡಿಭಾಗ ಮಾಡುತ್ತಾರೆ. ಪ್ರತಿ ಪೀಸಿನ ಒಳಗಿನ ಥ್ರೆಡ್ಡನ್ನು, ಅಂದರೆ ತಿರುಪಿನ ಗೀರನ್ನು, ಇವಳು ಗೇಜ್ ಅನ್ನುವ ಅಳತೆಕಡ್ಡಿ ಹಾಕಿ ನೋಡಬೇಕು. ಗೇಜಿನ ಒಂದು ತುದಿ ಸಲೀಸಾಗಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಸರಿಯಿದ್ದದ್ದು ಹಸಿರು ಟ್ರೇಗೆ, ಕೆಟ್ಟದ್ದು ಕೆಂಪು ಟ್ರೇಗೆ. ಅನುಮಾನವಿದ್ದದ್ದು ಹಳದಿ ಟ್ರೇಗೆ. ಹಳದಿ ಟ್ರೇಗೆ ‘ಹೋಲ್ಡ್’ ಅನ್ನುತ್ತಾರೆ. ಇನ್ನೊಮ್ಮೆ ನೋಡುವವರೆಗೆ ಅದರಲ್ಲಿರುವುದು ಪಾಸೂ ಅಲ್ಲ, ಫೇಲೂ ಅಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಅವಳೇ.

ಅಕ್ಕ ಕರೆದುಕೊಂಡು ಬಂದಾಗ ಅವಳು ನಿದ್ದೆಯಿಲ್ಲದೆ ಸೊರಗಿ ಹೋಗಿದ್ದಳು. ಇಬ್ಬರು ಗಂಡಸರ ದನಿ ಅವಳ ಒಂದೊಂದು ಚಲನೆಯನ್ನೂ ವರದಿ ಮಾಡುತ್ತಿತ್ತು. ನೋಡು ಪೀಸ್ ಎತ್ತಿದಳು, ನೋಡು ನೀರು ಕುಡಿದಳು. ತನ್ನನ್ನು ಸಿಕ್ಕಿಸಿ ಹಾಕಲು ಯಾರೋ ದಿನಾ ಬೆಳಿಗ್ಗೆ ಗೇಜ್ ಬದಲಾಯಿಸಿಡುತ್ತಿದ್ದಾರೆ ಅಂತ ಅವಳ ನಂಬಿಕೆ. ಒಂದು ದಿನ ಕಾರ್ಖಾನೆಯ ಗೇಜುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ತಂದುಬಿಟ್ಟಿದ್ದಳು. ಅವಳ ಸೂಪರ್‌ವೈಸರ್ ಪೊಲೀಸಿಗೆ ಹೇಳದೆ, ಮನೆಗೇ ಬಂದು ಅಕ್ಕನಿಗೆ "ಮೊದಲು ಡಾಕ್ಟರಿಗೆ ತೋರ್ಸಿ" ಅಂದು ಗೇಜ್ ವಾಪಸ್ ಒಯ್ದಿದ್ದರು.

ಡಾಕ್ಟರು ಮಾತ್ರೆ ಶುರು ಮಾಡಿದರು. ಆರೇಳು ವಾರಗಳಲ್ಲಿ ದನಿಗಳು ಕ್ಷೀಣಿಸಿ, ನಿಂತೇ ಹೋದವು. ಒಂದು ದಿನ ಅವಳು ನನ್ನನ್ನು ಕೇಳಿದಳು, "ಅವರಿಬ್ಬರು ಎಲ್ಲಿ ಹೋದ್ರು ಮೇಡಂ?"

"ಅವರು ಇರ್ಲೇ ಇಲ್ಲ ಕಣಮ್ಮ. ಅದು ಕಾಯಿಲೆ."

ಅವಳು ಬೆರಳು ಮಡಚಿ ಎಣಿಸಿದಳು. "ಹಂಗಾದ್ರೆ ನಾಲ್ಕು ತಿಂಗಳು ನಾನು ಯಾರ ಜೊತೆ ಜಗಳ ಆಡ್ತಿದ್ದೆ?"

ನಾನು ನಕ್ಕು ಅವಳ ಬೆನ್ನು ತಟ್ಟಿದೆ. ತಾನು ಕಂಡದ್ದು, ಕೇಳಿದ್ದು, ನಂಬಿದ್ದು ಎಲ್ಲ ಸುಳ್ಳು ಅಂತ ಒಬ್ಬಳಿಗೆ ಗೊತ್ತಾದ ಗಳಿಗೆ ಅದು. ನನಗೆ ಅದು ಗುಣವಾದ ಲಕ್ಷಣವಾಗಿ ಮಾತ್ರ ಕಂಡಿತು.

ಆಮೇಲೆ ನನ್ನ ನೋಟ್‌ಬುಕ್ ಶುರುವಾಯಿತು. ಅದು ನಾನೇ ಕಂಡುಕೊಂಡಿದ್ದ ಪದ್ಧತಿ. ಇನ್ನೂರು ಪುಟದ ಸಾದಾ ನೋಟ್‌ಬುಕ್ಕಿನಲ್ಲಿ ಪುಟದ ನಡುವೆ ಗೆರೆ ಎಳೆದು, ಎಡಗಡೆ ‘ಕಾಯಿಲೆಯದು’, ಬಲಗಡೆ ‘ನನ್ನದು’ ಅಂತ ಬರೆದುಕೊಡುತ್ತಿದ್ದೆ. ರೋಗಿ ದಿನಾ ತನ್ನ ಯೋಚನೆ, ಅನಿಸಿಕೆ, ಹಳೆಯ ನೆನಪುಗಳನ್ನು ಒಂದೊಂದಾಗಿ ಎರಡರಲ್ಲಿ ಒಂದು ಕಡೆಗೆ ಬರೆಯಬೇಕು. ವಾರಕ್ಕೊಮ್ಮೆ ನಾನು ನೋಡಿ ಹಸಿರು ಇಂಕಿನಲ್ಲಿ ‘ಗುಡ್’ ಅಂತ ಬರೆದು ಚಿಕ್ಕ ಸಹಿ ಹಾಕುತ್ತಿದ್ದೆ. ಕೆಂಪು ಬೇಡ, ಶಾಲೆ ನೆನಪಾಗುತ್ತದೆ ಅಂತ ಹಸಿರು. ಇಂಥ ಸಣ್ಣ ಸೂಕ್ಷ್ಮಗಳಲ್ಲಿ ನಾನು ಬಹಳ ಜಾಣೆ.

ಬೇರೆಯವರು ಒಂದು ವಾರ ಬರೆದು ಬಿಟ್ಟುಬಿಡುತ್ತಿದ್ದರು. ಇವಳು ಬಿಡಲಿಲ್ಲ. ಇನ್‌ಸ್ಪೆಕ್ಷನ್‌ನವಳು ನೋಡಿ, ಒಂದೊಂದು ಅನಿಸಿಕೆಯನ್ನೂ ಎತ್ತಿ ತಿರುಗಿಸಿ ನೋಡಿ ಇಡುತ್ತಿದ್ದಳು. ಮೊದಲ ವಾರ ಎರಡೂ ಕಡೆ ಸಮಸಮ ಇತ್ತು. ಮೂರನೆಯ ವಾರಕ್ಕೆ ಎಡಗಡೆ ತುಂಬಿ, ಬಲಗಡೆ ಎರಡೋ ಮೂರೋ ಸಾಲು. ನಾನು ಹಿಗ್ಗಿದೆ. ನಮ್ಮ ಫಾರಂನಲ್ಲಿ ‘ಇನ್‌ಸೈಟ್’ ಅಂತ ಒಂದು ಸಾಲಿದೆ. ತನಗೆ ಕಾಯಿಲೆಯಿದೆ ಅನ್ನುವ ಅರಿವು ರೋಗಿಗೆ ಎಷ್ಟಿದೆ ಅಂತ ಒಂದರಿಂದ ಆರರವರೆಗೆ ಅಂಕ ಕೊಡಬೇಕು. ಹೆಚ್ಚಿನವರಿಗೆ ನಾನು ಎರಡೋ ಮೂರೋ ಕೊಡುವವಳು. ಅವಳಿಗೆ ಆರಕ್ಕೆ ಆರು ಕೊಟ್ಟೆ.

ಆ ತಿಂಗಳ ಕೇಸ್ ಮೀಟಿಂಗಿನಲ್ಲಿ ಅವಳ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಮಾತಾಡಿದೆ. ಕೇಂದ್ರ ನಡೆಸುವ ನಮ್ಮ ಟ್ರಸ್ಟಿನವರು ಇದನ್ನು ಮುದ್ರಿಸಿ ಬೇರೆ ಕೇಂದ್ರಗಳಿಗೂ ಕೊಡೋಣ ಅಂದರು. ಮೀಟಿಂಗಿನ ಹಿಂದಿನ ದಿನ ನೋಡಿದಾಗ ಸುಮಾರು ಪುಟಗಳಿಗೆ ನನ್ನ ಸಹಿ ಬಾಕಿಯಿತ್ತು. ಸಹಿಯಿಲ್ಲದ ಪುಟ ತೋರಿಸಿದರೆ ಚೆನ್ನಾಗಿರುವುದಿಲ್ಲ ಅಂತ ಕಾಫಿ ಕುಡಿಯುತ್ತ, ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತ, ಪುಟ ಮಗುಚಿ ಮಗುಚಿ ಗುಡ್, ಸಹಿ, ಗುಡ್, ಸಹಿ ಅಂತ ಹಾಕಿಕೊಂಡು ಹೋದೆ. ಓದಲಿಲ್ಲ. ಈ ಒಂದು ಪದವನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಮೀಟಿಂಗ್ ಮುಗಿದ ಮೇಲೆ ನೋಟ್‌ಬುಕ್ಕನ್ನು ಅವಳಿಗೆ ವಾಪಸ್ ಕೊಟ್ಟೆ, ಆಮೇಲೆ ತೋರಿಸು ಅಂತ ಕೇಳಲಿಲ್ಲ. ಅವಳು ಮತ್ತೆ ಕೆಲಸಕ್ಕೆ ಸೇರಿದಳು. ಎರಡು ವಾರ ಕಳೆಯುವಷ್ಟರಲ್ಲಿ ತೊಡಕು ಶುರುವಾಯಿತು. ಯಾವ ಪೀಸನ್ನೂ ಅವಳು ತಾನಾಗಿ ಯಾವ ಟ್ರೇಗೂ ಹಾಕುತ್ತಿರಲಿಲ್ಲ. ಗೇಜ್ ಹಾಕಿ ನೋಡಿ, ಪಕ್ಕದ ಟೇಬಲಿನವಳಿಗೆ ಕೊಟ್ಟು "ನೀನೂ ಒಂದ್ಸಲ ನೋಡು" ಅನ್ನುವಳು. ಪಕ್ಕದವಳು ಸಾಕಾಗಿ ದೂರು ಕೊಟ್ಟಳು. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಅಲ್ಲಿ ಪೀಸನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವುದಷ್ಟೇ ಕೆಲಸ, ಏನನ್ನೂ ತೀರ್ಮಾನಿಸಬೇಕಿಲ್ಲ. ನಾನು ಅದನ್ನೂ ಒಳ್ಳೆಯ ಬೆಳವಣಿಗೆ ಅಂತಲೇ ಬರೆದೆ: ‘ಒತ್ತಡ ಕಡಿಮೆಯ ಕೆಲಸಕ್ಕೆ ಹೊಂದಿಕೊಂಡಿದ್ದಾಳೆ.’

ಅವಳು ತೆಳ್ಳಗಾಗುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಬರಲು ಹೊತ್ತಾಗುತ್ತಿತ್ತು. ಜಡೆ ಎರಡು ದಿನದ ಹಿಂದಿನದು ಅಂತ ನೋಡಿದರೇ ತಿಳಿಯುತ್ತಿತ್ತು. ಬೆಳಗಿನ ಜಾವವೇ ಎಚ್ಚರವಾಗುತ್ತದೆ ಅಂತ ಒಮ್ಮೆ ಹೇಳಿದಳು. ಶುಕ್ರವಾರ ಡಾಕ್ಟರ ಕೋಣೆಯಲ್ಲಿ ಅವರು ಅವಳ ಕಡೆಗೇ ತಿರುಗಿ, "ಮನಸ್ಸು ಹೇಗಿದೆಯಮ್ಮ?" ಅಂತ ಕೇಳಿದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಸ್ವಲ್ಪ ಮಂಕು ಸಾರ್, ಮಾತ್ರೆಯಿಂದ ಇರಬೇಕು. ದನಿ ಒಂದೂ ಇಲ್ಲ. ಇನ್‌ಸೈಟ್ ಫುಲ್." ಅವಳು ನನ್ನನ್ನು ನೋಡಿ, ತಲೆಯಾಡಿಸಿದಳು. ಮಾತ್ರೆಯನ್ನು ಸ್ವಲ್ಪ ಇಳಿಸಿ ಮುಂದಿನ ತಿಂಗಳಿಗೆ ಬರಹೇಳಿದರು.

ಮೂರು ವಾರ ಕಳೆದು ಒಂದು ಬುಧವಾರ ಮಧ್ಯಾಹ್ನ ಅಕ್ಕ ಒಬ್ಬಳೇ ಬಂದಳು. ಕೈಯಲ್ಲಿ ಆ ನೋಟ್‌ಬುಕ್ ಇತ್ತು. ಮುಖದಲ್ಲಿ ಗೆಲುವಿತ್ತು.

"ಮೇಡಂರೀ, ತಂಗಿ ಈಗ ಭಾಳ ಚಲೋ ಆಗ್ಯಾಳ್ರಿ. ಯಾರ್ ಕೂಡನೂ ಸಿಟ್ಟಿಲ್ಲ, ಜಗಳಿಲ್ಲ. ತನ್ನ ಕಿವೀದು ಓಲಿ ಬಿಚ್ಚಿ ನನ್ನ ಮಗಳಿಗೆ ಹಾಕ್ಯಾಳ. ಹೊಸಾ ಸೀರಿ ನೀನ ಉಟ್ಕೋ ಅಂತ ನನಗ ಕೊಟ್ಟಾಳ. ತನ್ನ ವರ್ನಿಯರ್ ಯಾರಿಗೂ ಮುಟ್ಟಾಕ ಕೊಡ್ತಿರಲಿಲ್ಲ ನೋಡ್ರಿ, ಅದನ್ನೂ ಕೆಲಸದಾಗ ಪಕ್ಕದಾಕಿಗೆ ಕೊಟ್ಟು ಬಂದಾಳಂತ. ಮನಸ ಎಷ್ಟ ದೊಡ್ಡದಾತು ಅಂತೀನಿ. ಈ ನೋಟ್‌ಬುಕ್ ನಿಮಗ ಮುಟ್ಟಸು ಅಂದ್ಳು, ಇನ್ನ ಬೇಕಾಗೂದಿಲ್ಲಂತ."

ವರ್ನಿಯರ್ ಅಂದರೆ ಪೀಸಿನ ಅಳತೆ ತೆಗೆಯುವ ಸಾಧನ. ಅವಳದು ಸ್ವಂತದ್ದು, ಅದಕ್ಕೊಂದು ಮಖಮಲ್ಲಿನ ಚೀಲ ಹೊಲಿದಿಟ್ಟುಕೊಂಡಿದ್ದಳು. ತಮ್ಮದನ್ನೆಲ್ಲ ಹಂಚಿಬಿಡುವವರು ಯಾಕೆ ಹಂಚುತ್ತಾರೆ ಅಂತ ನಾನೇ ಎಷ್ಟೋ ಮನೆಯವರಿಗೆ ಪಾಠ ಮಾಡಿದ್ದೇನೆ.

"ಈಗ ಎಲ್ಲಿದಾಳೆ?"

"ಮನ್ಯಾಗ ಅದಾಳ್ರಿ. ನಮ್ಮ ಮನಿಯವ್ರ ಶಿಫ್ಟ್ ಇಲ್ಲ ಇವತ್ತ, ಅವ್ರೂ ಅದಾರ."

"ಫೋನ್ ಮಾಡಿ. ಅವಳನ್ನ ಒಬ್ಬಳೇ ಬಿಡಬೇಡಿ ಅಂತ ಹೇಳಿ, ಒಂದು ನಿಮಿಷಾನೂ. ನಡೀರಿ, ನಾನೂ ಬರ್ತೀನಿ." ಅಕ್ಕನ ಮುಖದ ಗೆಲುವು ನನ್ನ ಕಣ್ಣೆದುರೇ ಇಳಿದುಹೋಯಿತು.

ಆಟೋದಲ್ಲಿ ನೋಟ್‌ಬುಕ್ ತೆರೆದೆ. ಮೊದಲ ಸಲ ಓದಿದೆ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಪಕ್ಕದಲ್ಲಿ ಅಕ್ಕ ಫೋನಿನಲ್ಲಿ ಗಂಡನ ಜೊತೆ ಮಾತಾಡುತ್ತಿರುವಾಗ ಓದಿದೆ. ಎಡಗಡೆ, ‘ಕಾಯಿಲೆಯದು’ ಅನ್ನುವುದರ ಕೆಳಗೆ, ಅವಳ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು. ಕ್ಯಾಮೆರಾ ನನ್ನನ್ನೇ ನೋಡ್ತಿದೆ ಅನ್ನಿಸಿದ್ದು. ಗುಡ್. ಗೇಜ್ ಮೇಲೆ ಅನುಮಾನ ಬಂದಿದ್ದು. ಗುಡ್. ಸೂಪರ್‌ವೈಸರ್ ನನ್ನ ಕೆಲಸ ಮೆಚ್ಚಿದಾರೆ ಅನ್ಕೊಂಡಿದ್ದು. ಗುಡ್. ಪಕ್ಕದವಳು ನನ್ನ ಫ್ರೆಂಡ್ ಅನ್ಕೊಂಡಿದ್ದು. ಗುಡ್. ಅಪ್ಪ ಸತ್ತಾಗ ಮನೆ ನಾನೇ ನಡೆಸ್ತೀನಿ ಅಂತ ಧೈರ್ಯ ಬಂದಿದ್ದು. ಗುಡ್. ಬಲಗಡೆ ‘ನನ್ನದು’ ಅನ್ನುವುದರ ಕೆಳಗೆ ಹನ್ನೊಂದು ಪುಟಗಳಿಂದ ಏನೂ ಇರಲಿಲ್ಲ. ಬರೆದಿದ್ದ ಕೊನೆಯ ಪುಟದಲ್ಲಿ ಎಡಗಡೆ ಒಂದೇ ಸಾಲು: ಮುಂದೆ ಎಂದಾದರೂ ಸರಿಹೋಗ್ತೀನಿ ಅಂತ ಅನ್ನಿಸ್ತಿದ್ದುದು. ಅದರ ಕೆಳಗೆ, ಹಸಿರು ಇಂಕಿನಲ್ಲಿ, ಗುಡ್. ನನ್ನ ಸಹಿ.

ನೋಟ್‌ಬುಕ್ಕನ್ನು ಅಕ್ಕನಿಗೆ ಕಾಣದಂತೆ ಬ್ಯಾಗಿಗೆ ತುರುಕಿದೆ. ಹಾಗೆ ಬಚ್ಚಿಟ್ಟಿದ್ದನ್ನೂ ಇಲ್ಲಿ ಬರೆಯಬೇಕು.

ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ಕಿವಿ ಬೋಳಾಗಿತ್ತು. ಸುತ್ತಿ ಬಳಸಿ ಮಾತಾಡಲು ನನಗೆ ತಾಳ್ಮೆಯಿರಲಿಲ್ಲ, ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಲೂಬಾರದು.

"ಸಾಯಬೇಕು ಅಂತ ಅನ್ನಿಸ್ತಿದೆಯಾ?"

"ಹೂಂ ಮೇಡಂ." ಹೊತ್ತೆಷ್ಟು ಅಂತ ಕೇಳಿದ್ದಕ್ಕೆ ಉತ್ತರ ಕೊಟ್ಟಷ್ಟೇ ಸಮಾಧಾನವಾಗಿತ್ತು ದನಿ. ಹಿಂದೆ ನಿಂತಿದ್ದ ಅಕ್ಕ ಮುಂದೆ ಬಂದು ಅವಳ ಕೈ ಹಿಡಿದುಕೊಂಡಳು.

"ನನಗೆ ಯಾಕೆ ಹೇಳಲಿಲ್ಲ?"

"ಬರೆದಿದ್ನಲ್ಲ ಮೇಡಂ. ನೀವು ಗುಡ್ ಹಾಕಿದ್ರಿ."

ಅವಳ ಮಾತಿನಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಗಟ್ಟಿಯಾಗಿ ಅತ್ತುಬಿಡುತ್ತೇನೆ ಅನ್ನಿಸಿ ಡಾಕ್ಟರಿಗೆ ಫೋನ್ ಮಾಡುವ ನೆಪದಲ್ಲಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ.

ಅವರು ಬರುವ ದಿನವಲ್ಲದಿದ್ದರೂ ಅವತ್ತೇ ಡಾಕ್ಟರು ಬಂದು ನೋಡಿದರು, ಸಂಜೆಯೊಳಗೆ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಜೊತೆಗೇ ಉಳಿದಳು. ಖಿನ್ನತೆಯ ಚಿಕಿತ್ಸೆ ಬೇರೆಯಾಗಿಯೇ ಶುರುವಾಯಿತು. ಮನೆಗೆ ಬಂದ ಮೇಲೆ ಮಾತ್ರೆ ಅಕ್ಕನ ಕೈಯಲ್ಲೇ ಇರಬೇಕು, ಅವಳನ್ನು ಒಬ್ಬಳೇ ಬಿಡಬಾರದು, ಮತ್ತೆ ಹಾಗನ್ನಿಸಿದರೆ ಯಾವ ಹೊತ್ತಿನಲ್ಲಿ ಯಾರಿಗೆ ಹೇಳಬೇಕು, ಇದನ್ನೆಲ್ಲ ಅಕ್ಕ, ಭಾವ, ಅವಳು ಮೂವರನ್ನೂ ಕೂರಿಸಿಕೊಂಡು ಬರೆದುಕೊಟ್ಟೆವು. ಮೂರು ವಾರ ಆಸ್ಪತ್ರೆಯಲ್ಲಿದ್ದಳು.

ಮಧ್ಯೆ ಒಂದು ಶುಕ್ರವಾರ ಡಾಕ್ಟರ ಮುಂದೆ ನೋಟ್‌ಬುಕ್ಕಿಟ್ಟು ಎಲ್ಲ ಹೇಳಿದೆ. ಅವರು ಪುಟ ತಿರುವಿ ಕನ್ನಡಕ ತೆಗೆದಿಟ್ಟರು. "ಅವತ್ತು ನೀವು ಉತ್ತರ ಹೇಳಿದ್ರಿ, ನಾನು ಬರ್ಕೊಂಡೆ. ಅವಳನ್ನೇ ಇನ್ನೊಂದ್ಸಲ ಕೇಳ್ಬೇಕಿತ್ತು ನಾನು" ಅಂದರು. ಆಮೇಲೆ, ಮೊದಲ ಸಲ ಇಂಥ ಕಾಯಿಲೆಯಿಂದ ಎದ್ದವರು ತಮ್ಮ ಬಗ್ಗೆ ಏನಂದುಕೊಳ್ಳುತ್ತಾರೆ ಅನ್ನುವುದು ದನಿ ನಿಂತಿತೇ ಇಲ್ಲವೇ ಅನ್ನುವಷ್ಟೇ ಮುಖ್ಯ, ಕಾಯಿಲೆಯ ಅರಿವು ಬಂದ ಹೊತ್ತೇ ಕೆಲವರಿಗೆ ಕುಸಿಯುವ ಹೊತ್ತು ಅಂದರು. ಇದು ನನಗೆ ಹೊಸದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

"ಅವಳಿಗೆ ಹೇಳ್ಬೇಕು ಸಾರ್, ತಪ್ಪು ನಂದು ಅಂತ" ಅಂದೆ.

"ಯೋಚನೆ ಮಾಡಿ. ನಿಮ್ಮ ನೋಟ್‌ಬುಕ್ಕೇ ತಪ್ಪು ಅಂದ್ರೆ, ಕಾಯಿಲೆ ಅಂದಿದ್ದೂ ತಪ್ಪು ಅನ್ಕೊಂಡು ಮಾತ್ರೆ ಬಿಟ್ರೆ? ದನಿ ಮತ್ತೆ ಶುರುವಾದ್ರೆ ಈ ಸಲ ಏನಾಗತ್ತೋ. ನಾನು ಬೇಡ ಅಂತಿಲ್ಲ. ಅವಳು ಸ್ವಲ್ಪ ಗಟ್ಟಿಯಾಗ್ಲಿ."

ಅವರ ಮಾತಿನಲ್ಲಿ ಹುರುಳಿತ್ತು. ನಾನು ಅದಕ್ಕೆ ಜೋತುಬಿದ್ದದ್ದು ಮಾತ್ರ ಹುರುಳಿದೆ ಅಂತಲ್ಲ. ಹೇಳದಿರಲು ಒಂದು ಗೌರವದ ಕಾರಣ ಸಿಕ್ಕಿತ್ತು. ಅವಳು ಮನೆಗೆ ಬಂದ ಮೇಲೂ ಎರಡು ಭೇಟಿಯಲ್ಲಿ ಊಟ, ನಿದ್ದೆ, ಮಾತ್ರೆ ಅಂತ ಕೇಳಿ ಕಳಿಸಿದೆ. ನೋಟ್‌ಬುಕ್ ನನ್ನ ಖಾನೆಯಲ್ಲೇ ಇತ್ತು. ಅವಳೂ ಕೇಳಲಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಎರಡನೆಯ ಭೇಟಿಯ ಕೊನೆಗೆ ಮಾತ್ರ ಧೈರ್ಯ ಮಾಡಿ ಒಂದೇ ಒಂದು ಸಾಲಿನ ಬಗ್ಗೆ ಕೇಳಿದೆ. "ಗೇಜ್ ಮೇಲೆ ಅನುಮಾನ ಅಂತ ಬರೆದಿದ್ಯಲ್ಲ, ಅದು ಕಾಯಿಲೆ ಬಂದಾಗಿನದಾ?"

"ಅದೂ ಇದೆ. ಅದಕ್ಕಿಂತ ಒಂದು ವರ್ಷ ಮುಂಚೆನೂ ಒಂದ್ಸಲ ಬಂದಿತ್ತು. ಆವಾಗ್ಲೇ ಕಾಯಿಲೆ ಶುರುವಾಗಿತ್ತು ಅನ್ಸತ್ತೆ."

"ಆವಾಗ ಏನಾಯ್ತು?"

"ನೆನಪಿಲ್ಲ ಮೇಡಂ. ನೆನಪಿರೋದೂ ನಿಜಾನೋ ಸುಳ್ಳೋ ಗೊತ್ತಾಗಲ್ಲ. ಸೂಪರ್‌ವೈಸರ್‌ನ ಬೇಕಾದ್ರೆ ಕೇಳಿ. ಅವರಿಗೆ ಮಾತ್ರ ನನ್ನ ವಿಷಯ ಗೊತ್ತು, ಬೇರೆಯವರಿಗೆ ಬೇಡ."

ಹಾಗೆ ಅವಳ ಒಪ್ಪಿಗೆಯ ಮೇಲೆ ಪೀಣ್ಯಕ್ಕೆ ಹೋದೆ. ಸೂಪರ್‌ವೈಸರ್ ಐವತ್ತು ದಾಟಿದ ಮನುಷ್ಯ, ಕತ್ತಿನಲ್ಲಿ ಕನ್ನಡಕದ ದಾರ. ಮೆಷಿನ್ ಸದ್ದಿನಲ್ಲಿ ಕಿರುಚಿ ಮಾತಾಡುವುದು ಬೇಡವೆಂದು ರೆಕಾರ್ಡ್ ಇಡುವ ಕೋಣೆಗೆ ಕರೆದೊಯ್ದರು. ಕೇಳಿದ ತಕ್ಷಣ ನಕ್ಕರು.

"ಆ ಲಾಟ್ ಪೀಸುಗಳಾ? ಮರೆಯೋಕಾಗತ್ತಾ ಮೇಡಂ. ಗೇಜ್ ಹಾಕಿದ್ರೆ ಎಲ್ಲಾ ಪೀಸೂ ಪಾಸು. ಇವಳೊಬ್ಬಳು ಬೆರಳು ಒಳಗೆ ಹಾಕಿ ನೋಡಿ, ‘ಸಾರ್, ಪೀಸ್ ಸರಿಯಿಲ್ಲ, ಗೇಜೇ ಸವೆದಿದೆ’ ಅಂತಾಳೆ. ಗೇಜ್‌ನೇ ಅನುಮಾನಿಸ್ತೀಯಾ ಅಂತ ನಾನೇ ಬೈದೆ. ಬೈದು ಲಾಟ್‌ಗೆ ಅಕ್ಸೆಪ್ಟ್ ಅಂತ ಸೈನೂ ಮಾಡ್ದೆ. ಅವಳು ಬಿಡ್ಲಿಲ್ಲ ಕಣ್ರೀ. ಹಳದಿ ಟ್ರೇ ಹಿಡ್ಕೊಂಡು ನಿಂತ್ಬಿಟ್ಲು. ಕೊನೆಗೆ ಗೇಜ್‌ನ ಟೆಸ್ಟಿಂಗಿಗೆ ಕಳ್ಸಿದ್ರೆ ಸವೆದಿತ್ತು. ಆ ಹುಡುಗಿ ಕೈ, ಕಣ್ಣು ಎರಡೂ ಸಕ್ಕತ್ತು."

ಫೈಲು ಹುಡುಕಿ ಆ ಹಾಳೆ ತೆಗೆದರು. ಪರೀಕ್ಷಿಸಿದವರ ಜಾಗದಲ್ಲಿ ಅವಳ ಸಹಿ, ಕೆಳಗೆ ‘ಅಕ್ಸೆಪ್ಟ್’ ಅನ್ನುವ ಪದ, ಅದರ ಮೇಲೆ ಅಡ್ಡ ಒಂದೇ ಒಂದು ಗೆರೆ. ಪಕ್ಕದಲ್ಲಿ ‘ಹೋಲ್ಡ್’, ಅವರ ಚಿಕ್ಕ ಸಹಿ, ತಾರೀಖು.

"ಪೂರ್ತಿ ಅಳಿಸಿಲ್ಲ ಯಾಕೆ?" ಅಂದೆ.

"ಅಳ್ಸಂಗಿಲ್ಲ ಮೇಡಂ. ವೈಟ್ನರ್ ಹಚ್ಚಂಗಿಲ್ಲ, ಹಾಳೆ ಹರಿಯಂಗಿಲ್ಲ. ತಪ್ಪು ಮಾಡಿದೋನು ಒಂದೇ ಗೆರೆ ಹೊಡೀಬೇಕು, ಕೆಳಗೆ ಏನ್ ಬರ್ದಿದ್ದ ಅಂತ ಓದೋಕೆ ಬರ್ಬೇಕು. ಪಕ್ಕದಲ್ಲಿ ಅವನೇ ಸೈನ್ ಹಾಕ್ಬೇಕು, ಹೊಡೆದ ದಿನದ ಡೇಟ್ ಹಾಕ್ಬೇಕು. ನನಗೂ ಅವತ್ತು ಅವಮಾನ ಆಯ್ತು, ಅಷ್ಟು ಜನರ ಮುಂದೆ. ಏನ್ಮಾಡೋದು, ಪೀಸ್ ಮುಖ್ಯ."

ಅವರು ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಹಾಳೆಯ ಜೆರಾಕ್ಸ್ ಕೈಗೆ ಕೊಟ್ಟು, "ಅವಳ ಟೇಬಲ್ ಖಾಲಿನೇ ಇದೆ ಅಂತ ಹೇಳಿ. ಅರ್ಜೆಂಟ್ ಇಲ್ಲ" ಅಂದರು. ಮೆಟ್ರೋ ಇಳಿದು ಕೇಂದ್ರಕ್ಕೆ ನಡೆಯುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ. ಡಾಕ್ಟರಿಗೆ ಫೋನ್ ಮಾಡಿ, ಶುಕ್ರವಾರ ಅವಳಿಗೆ ಹೇಳುತ್ತೇನೆ, ಮಾತ್ರೆಯ ಮಾತನ್ನೂ ಅಷ್ಟೇ ಬಿಡಿಸಿ ಹೇಳುತ್ತೇನೆ, ನೀವೂ ಇರಬೇಕು ಅಂದೆ. ಅವರು "ಆಯ್ತು, ಪಕ್ಕದ ಕೋಣೆಲಿರ್ತೀನಿ" ಅಂದರು.

ಅದಕ್ಕೆ ಮೊದಲು ಕೇಸ್ ಮೀಟಿಂಗ್ ಬಂತು. ನೋಟ್‌ಬುಕ್ಕಿನ ಮುದ್ರಣ ನಿಲ್ಲಿಸಿ ಅಂದೆ. ಯಾಕೆ ಅಂದರು. ಓದದೆ ಸಹಿ ಹಾಕಿದೆ, ಅವಳು ಸಾಯುವ ಹಂತಕ್ಕೆ ಹೋದಳು ಅಂದೆ. ಯಾರೂ ಬೈಯಲಿಲ್ಲ. ಒಬ್ಬರು ನೀರಿನ ಲೋಟ ನನ್ನ ಕಡೆ ಸರಿಸಿದರು. ತಲೆ ಎತ್ತಲಾಗಲಿಲ್ಲ.

ಶುಕ್ರವಾರ ಅವಳು ಬಂದಳು. ಜಡೆ ಅವತ್ತಿನದೇ. ಕಿವಿಯಲ್ಲಿ ಇನ್ನೂ ಓಲೆಯಿರಲಿಲ್ಲ, ಒಂದು ಸಣ್ಣ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಮೊದಲು ಜೆರಾಕ್ಸ್ ಹಾಳೆಯನ್ನು ಅವಳ ಮುಂದಿಟ್ಟೆ. ತನ್ನ ಸಹಿಯ ಮೇಲೆ ಬೆರಳಿಟ್ಟು ನೋಡಿದಳು. ತಾರೀಖು ನೋಡಿದಳು. ಅಡ್ಡ ಗೆರೆ ನೋಡಿದಳು.

"ನಿಜಾನೇ ಹಂಗಾದ್ರೆ" ಅಂದಳು.

"ನಿಜ. ಆಮೇಲೆ ದನಿ ಕೇಳಿಸಿದ್ದು, ಯಾರೋ ಗೇಜ್ ಬದಲಾಯಿಸ್ತಾರೆ ಅನ್ನಿಸಿದ್ದು, ಅದು ಕಾಯಿಲೆ. ಅದಕ್ಕೆ ಮಾತ್ರೆ ಬೇಕು, ಬಿಡಂಗಿಲ್ಲ. ಆದ್ರೆ ಇದು ಕಾಯಿಲೆ ಅಲ್ಲ, ನಿನ್ನ ಕೆಲಸ. ಎರಡನ್ನೂ ಒಂದೇ ಗಂಟು ಕಟ್ಟಿ ಎಡಗಡೆ ಹಾಕಿದೆ ನೀನು. ನಾನು ತಡೀಬೇಕಿತ್ತು. ನಾನು ಓದ್ಲೇ ಇಲ್ಲ ಕಣಮ್ಮ. ಮೀಟಿಂಗಲ್ಲಿ ಹೊಗಳಿಸ್ಕೊಳ್ಳೋಕೆ ಒಂದೇ ಕೂತಲ್ಲಿ ಗುಡ್, ಗುಡ್ ಅಂತ ಹಾಕಿಕೊಂಡು ಹೋದೆ. ಕೊನೇ ಪುಟಾನೂ ಓದ್ಲಿಲ್ಲ."

ಅವಳು ಸಮಾಧಾನ ಮಾಡುತ್ತಾಳೆ ಅಂತ ಒಳಗೊಳಗೇ ಕಾಯುತ್ತಿದ್ದೆ, ಅದೂ ನಿಜ. ಅವಳು ಮಾಡಲಿಲ್ಲ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ನೀವು ಓದಿರ್ತೀರಿ ಅನ್ಕೊಂಡಿದ್ದೆ" ಅಂದಳು. "ಓದಿ, ಹೌದು ಇವಳು ಇಷ್ಟೇ ಅಂತ ನಿಮಗೂ ಅನ್ನಿಸಿದೆ ಅನ್ಕೊಂಡಿದ್ದೆ."

ಪಕ್ಕದ ಕೋಣೆಯಲ್ಲಿ ಡಾಕ್ಟರು ಕುರ್ಚಿ ಸರಿಸಿದ್ದು ಕೇಳಿಸಿತು.

"ನೋಟ್‌ಬುಕ್ ಎಲ್ಲಿ?" ಅಂದಳು. ಖಾನೆಯಿಂದ ತೆಗೆದುಕೊಟ್ಟೆ. ಅವಳು ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿಟ್ಟಳು. "ಹೊಡೀರಿ ಮೇಡಂ. ಒಂದೇ ಗೆರೆ. ಓದಿ, ಆಮೇಲೆ ಹೊಡೀರಿ. ಸೈನ್, ಡೇಟ್. ಹಸಿರು ಬೇಡ."

ನೀಲಿ ಪೆನ್ನು ತೆಗೆದುಕೊಂಡೆ. ಒಂದೊಂದು ಪುಟವನ್ನೂ ಓದಿದೆ, ಈ ಸಲ ಅವಳ ಎದುರಿಗೆ. ಓದಿ ‘ಗುಡ್’ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು. ಒಂದು ಗಂಟೆಗೂ ಮೇಲಾಯಿತು. ಹೊರಗೆ ಕಾಯುವವರಿಗೆ ಡಾಕ್ಟರೇ ಏನೋ ಹೇಳಿ ಒಬ್ಬೊಬ್ಬರನ್ನು ಒಳಗೆ ಕರೆದುಕೊಂಡರು. ಅಪ್ಪ ಸತ್ತಾಗ ಧೈರ್ಯ ಬಂದಿದ್ದು ಅನ್ನುವ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಅವಳು ಕಾದಳು. ಅವಸರ ಮಾಡಲಿಲ್ಲ, ಬಿಡುಗಡೆಯನ್ನೂ ಕೊಡಲಿಲ್ಲ.

ಮುಗಿಸಿ ನೋಟ್‌ಬುಕ್ ಅವಳ ಕಡೆ ತಳ್ಳಿದೆ. ಅವಳು ಮೊದಲಿಂದ ಪುಟ ತಿರುವುತ್ತ ಬಂದಳು. ತೋರುಬೆರಳು ಪ್ರತಿ ಗೆರೆಯ ಮೇಲೂ ಹರಿದು ಮುಂದಕ್ಕೆ ಹೋಗುತ್ತಿತ್ತು. ನಡುವೆ ಒಂದು ಕಡೆ ನಿಂತಳು. ಅಂಟಿಕೊಂಡಿದ್ದ ಎರಡು ಪುಟಗಳನ್ನು ಉಗುರಿನಿಂದ ಬಿಡಿಸಿದಳು. ಅವತ್ತು ನಾನು ಚೆಲ್ಲಿದ ಕಾಫಿಯ ಕಲೆ.

"ಇಲ್ಲೊಂದು ಬಿಟ್ಟಿದೀರಿ ಮೇಡಂ."

ನೋಡಿದೆ. ನನಗೆ ಕೆಲಸ ಚೆನ್ನಾಗಿ ಬರತ್ತೆ ಅನ್ಕೊಂಡಿದ್ದು. ಗುಡ್. ಗೆರೆ ಎಳೆದು ಸಹಿ ಹಾಕಿದೆ. ಅವಳ ತುಟಿಯಂಚಿನಲ್ಲಿ ಏನೋ ಕದಲಿತು. ನಗು ಅನ್ನಲಾರೆ.

ಕೊನೆಯ ಪುಟಕ್ಕೆ ಬಂದಳು. ನನ್ನ ಸಹಿ ಸರಿಯಿದೆಯೇ ಅಂತ ನೋಡಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಎಡಗಡೆ ತಾನೇ ಬರೆದಿದ್ದ ಆ ಒಂದು ಸಾಲಿನ ಮೇಲೆ, ಮುಂದೆ ಎಂದಾದರೂ ಸರಿಹೋಗ್ತೀನಿ ಅನ್ನುವುದರ ಮೇಲೆ, ನಿಧಾನವಾಗಿ ಒಂದು ಗೆರೆ ಎಳೆದಳು. ಅಕ್ಷರ ಓದುವ ಹಾಗೇ ಉಳಿದವು. ಪೆನ್ನು ಬಲಗಡೆಗೆ ಹೋಯಿತು. ‘ನನ್ನದು’ ಅನ್ನುವುದರ ಕೆಳಗೆ ಪೆನ್ನಿನ ತುದಿ ಊರಿ ಹಾಗೇ ಇದ್ದಳು. ಬರೆಯಲಿಲ್ಲ. ಪೆನ್ನೆತ್ತಿ, ನಡುಗೆರೆಯ ಮೇಲೆಯೇ, ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ‘ಹೋಲ್ಡ್’ ಅಂತ ಬರೆದು ಸಹಿ ಹಾಕಿದಳು. ತಾರೀಖು ಹಾಕಿದಳು.

"ಮುಂದಿನ ಶುಕ್ರವಾರ ಇನ್ನೊಂದ್ಸಲ ನೋಡೋಣ ಮೇಡಂ" ಅಂದಳು.

ಮುಂದಿನ ಅನ್ನುವ ಮಾತನ್ನು ಅವಳ ಬಾಯಲ್ಲಿ ಕೇಳಿ ಎಷ್ಟೋ ತಿಂಗಳಾಗಿತ್ತು. ಅವಳು ಪೆನ್ನು ವಾಪಸ್ ಕೊಟ್ಟಳು, ನಾನು ಡೈರಿ ತೆರೆದು ಆ ಶುಕ್ರವಾರಕ್ಕೆ ಅವಳ ಹೆಸರು ಬರೆದುಕೊಂಡೆ.